ನಂಜನಗೂಡಿನ ಇಬ್ಬರು, ಮತ್ತು ನಾವು ಬಿಟ್ಟ ಪುಟಗಳು

ಕಳೆದ ಜನವರಿಯಲ್ಲಿ ಇಲ್ಲಿನ ಶಾಲೆಯೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದು ತ್ಯಾಗರಾಜ ಆರಾಧನೆ ಮಾಡಿದೆವು. ಹೊರಗೆ ಇಂಗ್ಲೆಂಡಿನ ಎಂದಿನ ಜಿಟಿಜಿಟಿ ಮಳೆ, ಒಳಗೆ ಪಂಚರತ್ನ ಕೃತಿಗಳು, ಪಕ್ಕದ ಕೋಣೆಯಿಂದ ಪುಳಿಯೋಗರೆಯ ಪರಿಮಳ. ಗೋಷ್ಠಿಗಾನ ಮುಗಿದ ಮೇಲೆ ಉತ್ಸಾಹಿಗಳೊಬ್ಬರು ತಿರುವಯ್ಯಾರಿಗೆ ಹೋಗಿ ಬಂದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಸಮಾಧಿಯ ಆವರಣದಲ್ಲಿ ಹೆಂಗಸೊಬ್ಬರ ವಿಗ್ರಹ ಕಂಡಿತು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಎದ್ದು, "ಇವರು ಯಾರು?" ಎಂದು ಕೇಳಿದಳು. ಎಷ್ಟೋ ಮಹಾನುಭಾವರಿಗೆ ನಮಸ್ಕಾರ ಹೇಳಿ ಆಗಷ್ಟೇ ಹಾಡು ಮುಗಿಸಿದ್ದ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. "ಯಾರೋ ಭಕ್ತೆ ಇರಬೇಕು" ಎಂದು ಒಬ್ಬರು ಹೇಳಿದರು. ಆ ಒಬ್ಬರು ನಾನೇ.

ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ನಿವೃತ್ತಿಯಾದ ವೈದ್ಯನಿಗೆ ಸಮಯಕ್ಕೇನೂ ಕೊರತೆಯಿಲ್ಲ. ಹುಡುಕುತ್ತಾ ಹೋದೆ. ಈ ಲೇಖನ ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ರೋಗಿಯ ಮಾತನ್ನು ಪೂರ್ತಿ ಕೇಳದೆ ಚೀಟಿ ಬರೆಯಬಾರದು ಎಂಬುದಷ್ಟೇ ನಾನು ಕಲಿತ ವಿದ್ಯೆ. ಅದನ್ನೇ ಇಲ್ಲಿ ಪುಸ್ತಕಗಳಿಗೆ ಅನ್ವಯಿಸಿ ನೋಡಿದ್ದೇನೆ.

ಮೊದಲನೆಯವರು: ನಾಗರತ್ನಮ್ಮ

ಆ ವಿಗ್ರಹ ಬೆಂಗಳೂರು ನಾಗರತ್ನಮ್ಮನವರದು. ಹೆಸರಿನಲ್ಲಿ ಬೆಂಗಳೂರು ಇದ್ದರೂ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ದೇವದಾಸಿ ಮನೆತನದ ಪುಟ್ಟಲಕ್ಷ್ಮಿಯವರ ಮಗಳು. ಮೈಸೂರಿನಲ್ಲಿ ಬೆಳೆದು, ಸಂಗೀತ, ಸಂಸ್ಕೃತ, ತೆಲುಗುಗಳನ್ನು ಕಲಿತು, ಬೆಂಗಳೂರಿನಲ್ಲಿ ಹೆಸರು ಮಾಡಿ, ಮುಂದೆ ಮದರಾಸಿನಲ್ಲಿ ನೆಲೆಸಿದರು. ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಸಂಪಾದನೆ ಸುರಿದು ಗುಡಿ ಕಟ್ಟಿಸಿದವರು ಅವರು. ಆರಾಧನೆಯಲ್ಲಿ ಹಾಡಲು ಹೆಂಗಸರಿಗೆ ಅವಕಾಶವಿರದ ಕಾಲದಲ್ಲಿ ಹೆಂಗಸರದೇ ಒಂದು ಗೋಷ್ಠಿ ಕಟ್ಟಿ ಹಾಡಿದರು. ನಮ್ಮ ಸಭಾಂಗಣದಲ್ಲಿ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತು ಪಂಚರತ್ನ ಹಾಡುವುದರ ಹಿಂದೆ ಅವರ ಹಟವೂ ಇದೆ.

ಆದರೆ ನಾನು ಹೇಳಹೊರಟಿರುವುದು ಅವರ ಸಂಗೀತದ ಬಗ್ಗೆಯಲ್ಲ, ಅವರು ಉಳಿಸಿದ ಒಂದು ಪುಸ್ತಕದ ಬಗ್ಗೆ.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ತೆಲುಗಿನಲ್ಲಿ ಆಕೆ ಬರೆದ ಕಾವ್ಯ 'ರಾಧಿಕಾ ಸಾಂತ್ವನಮು'. ರಾಧೆ ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸುತ್ತಾಳೆ. ಆಮೇಲೆ ಅವನ ಅಗಲಿಕೆಯನ್ನು ತಾಳಲಾರದೆ ಸಿಟ್ಟಿಗೇಳುತ್ತಾಳೆ. ಕೃಷ್ಣ ಬಂದು ಅವಳನ್ನು ಸಮಾಧಾನಪಡಿಸಬೇಕಾಗುತ್ತದೆ. ಹೆಣ್ಣಿನ ಬಯಕೆಯನ್ನು ಹೆಣ್ಣೇ ಮುಚ್ಚುಮರೆಯಿಲ್ಲದೆ ಹೇಳಿದ ಕಾವ್ಯ ಅದು.

1887ರಲ್ಲಿ ಇದು ಅಚ್ಚಾಯಿತು. ಆದರೆ ಸಂಪಾದಕರಾದ ಪಂಡಿತರು ಕೆಲವು ಪದ್ಯಗಳನ್ನು ಕೈಬಿಟ್ಟರು. ಕವಯಿತ್ರಿ ತನ್ನ ಅಜ್ಜಿಯಿಂದ ಮೊದಲುಮಾಡಿ ತನ್ನ ಪರಂಪರೆಯನ್ನು ಹೇಳಿಕೊಂಡ ಪೀಠಿಕೆಯನ್ನೂ ಬಿಟ್ಟರು. ಪದ್ಯ ಬಿಟ್ಟದ್ದು ಮಡಿವಂತಿಕೆಯಿಂದ ಎನ್ನಬಹುದು. ಪೀಠಿಕೆಯನ್ನು ಏಕೆ ಬಿಟ್ಟರು? ಅದರಲ್ಲಿ ಶೃಂಗಾರವೇನೂ ಇರಲಿಲ್ಲ, ಹೆಣ್ಣೊಬ್ಬಳ ವಂಶಾವಳಿ ಇತ್ತು, ಅಷ್ಟೆ. ವಿಧವಾವಿವಾಹಕ್ಕಾಗಿ ಹೋರಾಡಿದ ದೊಡ್ಡ ಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಅವರೂ ಈ ಕವಯಿತ್ರಿಯ ನಡತೆಯನ್ನು ಹಳಿದರು, ಹೆಂಗಸಿನ ಬಾಯಲ್ಲಿ ಬರಬಾರದ ಮಾತುಗಳಿವೆ ಎಂದು ಕಾವ್ಯವನ್ನು ತೆಗಳಿದರು.

ನಾಗರತ್ನಮ್ಮ ಅಚ್ಚಾದ ಪ್ರತಿಯನ್ನು ಓದಿದರು. ಏನೋ ಕೊರತೆ ಇದೆ ಅನ್ನಿಸಿತು. ಮೂಲದ ಹಸ್ತಪ್ರತಿಯನ್ನು ಸಂಪಾದಿಸಿ ಎರಡನ್ನೂ ಹೋಲಿಸಿ ನೋಡಿದರು, ಬಿಟ್ಟುಹೋದುದನ್ನೆಲ್ಲ ಸೇರಿಸಿದರು. 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ಣ ಪಾಠವನ್ನು ಹೊರತಂದರು. ಇದಕ್ಕಿಂತ ಹೆಚ್ಚಿನ ಶೃಂಗಾರವನ್ನು ಗಂಡಸರು ಬರೆದರೆ ಕಾವ್ಯ, ಹೆಂಗಸು ಬರೆದರೆ ನಾಚಿಕೆಗೇಡು ಹೇಗಾಗುತ್ತದೆ ಎಂದು ತಮ್ಮ ಮುನ್ನುಡಿಯಲ್ಲೇ ವೀರೇಶಲಿಂಗಂ ಅವರನ್ನು ಪ್ರಶ್ನಿಸಿದರು. ಫಲ ಏನಾಯಿತು? ಅಶ್ಲೀಲವೆಂಬ ದೂರು ಹೋಗಿ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾಗಲು ಸ್ವಾತಂತ್ರ್ಯದ ಹೊಸ್ತಿಲವರೆಗೆ ಕಾಯಬೇಕಾಯಿತು. ನಾಗರತ್ನಮ್ಮ 1952ರಲ್ಲಿ ತೀರಿಕೊಂಡರು.

ಅವರ ಧೈರ್ಯದಷ್ಟೇ ಅವರ ವಿಧಾನವೂ ನನಗೆ ಮುಖ್ಯವೆನಿಸಿತು. ಮುದ್ದುಪಳನಿಯನ್ನು ಹೊಗಳಿ ಒಂದು ಭಾಷಣ ಮಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲವೇನೋ. ಅವರು ಹಾಗೆ ಮಾಡಲಿಲ್ಲ. ಕತ್ತರಿಸಿದ ಭಾಗ ಯಾವುದು ಎಂದು ಹುಡುಕಿದರು, ಅದನ್ನು ಅದರ ಜಾಗದಲ್ಲಿ ಮತ್ತೆ ಇಟ್ಟರು. ಮರೆತವರನ್ನು ಪುನಃ ಕಂಡುಕೊಳ್ಳುವುದು ಎಂದರೆ ಇದು.

ಎರಡನೆಯವರು: ತಿರುಮಲಾಂಬ

ಕಾವ್ಯದ ಕತ್ತರಿಸಿದ ಪ್ರತಿ ಅಚ್ಚಾದ ಅದೇ 1887ರಲ್ಲಿ, ಅದೇ ನಂಜನಗೂಡಿನಲ್ಲಿ, ಬೇರೊಂದು ಬೀದಿಯ ಬೇರೊಂದು ಲೋಕದಲ್ಲಿ ತಿರುಮಲಾಂಬ ಹುಟ್ಟಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ವಕೀಲರು. ಬಾಲ್ಯದಲ್ಲೇ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದಲ್ಲಿ ಅಲ್ಲಿಗೆ ಒಂದು ಹೆಣ್ಣಿನ ಕತೆ ಮುಗಿಯಿತು ಎಂದೇ ಅರ್ಥ. ಆದರೆ ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು.

1913ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ತಿರುಮಲಾಂಬ 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆ ಆರಂಭಿಸಿದರು. ಮೊದಲ ಪುಸ್ತಕ ಅವರದೇ ಕಾದಂಬರಿ 'ಸುಶೀಲೆ'. ಮರುವರ್ಷ 'ನಭಾ'. ಮುಂದೆ 'ವಿದ್ಯುಲ್ಲತಾ', 'ವಿರಾಗಿಣಿ', 'ದಕ್ಷಕನ್ಯೆ', 'ಮಾತೃನಂದಿನಿ' ಹೀಗೆ ಸಾಲು ಬೆಳೆಯಿತು. 'ಕರ್ಣಾಟಕ ನಂದಿನಿ' ಎಂಬ ಮಾಸಪತ್ರಿಕೆ ನಡೆಸಿದರು, ಅನಂತರ 'ಸನ್ಮಾರ್ಗದರ್ಶಿ'. ಲೇಖಕಿ, ಪ್ರಕಾಶಕಿ, ಸಂಪಾದಕಿ ಎಲ್ಲವೂ ತಾವೇ. ಒಂದು ಸಂಚಿಕೆ ಹೊರತರಲು ಸಮಿತಿಯ ಎಂಟು ಜನ ಮೂರು ತಿಂಗಳು ಒದ್ದಾಡುವ ನಮಗೆ ಇದರ ಭಾರ ಚೆನ್ನಾಗಿ ಅರ್ಥವಾಗುತ್ತದೆ.

ಆಮೇಲೆ ಬರವಣಿಗೆ ನಿಂತಿತು. ಅವರೂ ಮದರಾಸಿಗೆ ಹೋದರು. ಅವರು ತೀರಿಕೊಂಡದ್ದು 1982ರಲ್ಲಿ, ತೊಂಬತ್ತೈದು ವರ್ಷ ಬದುಕಿ. ಆ ವರ್ಷ ನಾನು ಮೈಸೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಕನ್ನಡ ಕಾದಂಬರಿಗಳನ್ನು ಹಾಸ್ಟೆಲಿನ ದಿಂಬಿನ ಕೆಳಗಿಟ್ಟುಕೊಂಡು ಓದುತ್ತಿದ್ದವನು. ಭಾನುವಾರ ಗೆಳೆಯರೊಂದಿಗೆ ಬಸ್ ಹತ್ತಿ ನಂಜನಗೂಡಿಗೂ ಹೋಗುತ್ತಿದ್ದೆ. ನಂಜನಗೂಡು ಎಂದರೆ ನಮಗೆ ನಂಜುಂಡೇಶ್ವರ, ರಸಬಾಳೆ, ಹಲ್ಲುಪುಡಿ. ಆಧುನಿಕ ಕನ್ನಡದ ಮೊದಲ ಕಾದಂಬರಿಕಾರ್ತಿ ಇನ್ನೂ ಉಸಿರಾಡುತ್ತಿದ್ದಾರೆ ಎಂದು ನಮಗೆ ಯಾರೂ ಹೇಳಲಿಲ್ಲ. ನಾಡಿ ನೋಡದೆಯೇ ಮರಣಪತ್ರ ಬರೆದುಬಿಟ್ಟಿದ್ದೆವು.

ಅವರನ್ನು ನಮಗೆ ಮರಳಿ ಕೊಟ್ಟವರು ಮುಖ್ಯವಾಗಿ ಇಬ್ಬರು ಅಧ್ಯಾಪಕಿಯರು. ಬೆಂಗಳೂರಿನ ಎನ್‌.ಎಂ.ಕೆ.ಆರ್‌.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ. ನ. ಮಂಗಳಾ ಅವರು ತಿರುಮಲಾಂಬ ಅವರ ಬಗ್ಗೆ ಕೆಲಸ ಮಾಡಿದರು. ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆ ಲೇಖಕಿಯರಿಗೆ ತಿರುಮಲಾಂಬ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡತೊಡಗಿತು. ಮೈಸೂರಿನ ವಿಜಯಾ ದಬ್ಬೆಯವರು 'ಹಿತೈಷಿಣಿಯ ಹೆಜ್ಜೆಗಳು' ಎಂಬ ಪುಸ್ತಕದಲ್ಲಿ ಅವರನ್ನು ಅಧ್ಯಯನದ ವಸ್ತುವಾಗಿ ತೆಗೆದುಕೊಂಡರು. ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿ 1991ರಲ್ಲಿ ಹೊರಬಂದ, ಭಾರತೀಯ ಮಹಿಳೆಯರ ಬರಹಗಳ ದೊಡ್ಡ ಇಂಗ್ಲಿಷ್ ಸಂಕಲನದ ಮೊದಲ ಸಂಪುಟದಲ್ಲಿ ನಂಜನಗೂಡಿನ ಈ ಇಬ್ಬರ ಹೆಸರೂ ಬರುತ್ತವೆ. ಹುಟ್ಟೂರಿನಲ್ಲಿ ಬಹುಶಃ ಎದುರುಬದುರಾಗಿ ನಿಂತು ಮಾತಾಡಲೂ ಆಗದಿದ್ದ ಒಬ್ಬ ದೇವದಾಸಿ, ಒಬ್ಬ ಬ್ರಾಹ್ಮಣ ವಿಧವೆ, ಕೊನೆಗೆ ಒಂದೇ ರಟ್ಟಿನೊಳಗೆ ಸೇರಿದರು.

'ಮೊದಲಿಗರು' ಎಂಬ ಹಾರ

ಈಗ ನನ್ನ ತಕರಾರಿಗೆ ಬರುತ್ತೇನೆ. ಇಂದು ತಿರುಮಲಾಂಬ ಅವರನ್ನು ನಾವು ಮರೆತಿಲ್ಲ ಎನ್ನುತ್ತೇವೆ. ರಾಜ್ಯೋತ್ಸವದ ಭಾಷಣಗಳಲ್ಲಿ, ಮಕ್ಕಳ ರಸಪ್ರಶ್ನೆಯಲ್ಲಿ ಅವರ ಹೆಸರು ಬರುತ್ತದೆ: ಮೊದಲ ಕಾದಂಬರಿಕಾರ್ತಿ, ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ. ಮೂರು 'ಮೊದಲ'ಗಳ ಹಾರ ಹಾಕಿ ಗೋಡೆಗೆ ತೂಗುಹಾಕಿದ್ದೇವೆ. ಹಾರ ಹಾಕಿದ ಪಟವನ್ನು ಯಾರೂ ಓದುವುದಿಲ್ಲ.

ಓದಿದರೆ ಏನಾಗುತ್ತದೆ? ನಮಗೆ ಇರಿಸುಮುರಿಸಾಗುತ್ತದೆ. ಗ್ರಂಥಮಾಲೆಯ ಹೆಸರಲ್ಲೇ 'ಸತಿ' ಇದ್ದಾಳೆ. 'ಸುಶೀಲೆ' ಪಾತಿವ್ರತ್ಯವನ್ನು ಎತ್ತಿಹಿಡಿಯುತ್ತದೆ. ಹೆಣ್ಣುಮಕ್ಕಳು ಓದಬೇಕು ಎಂದು ಬಲವಾಗಿ ವಾದಿಸಿದ ಲೇಖಕಿ, ಸ್ವತಃ ಬಾಲವಿಧವೆ, ವಿಧವಾವಿವಾಹದ ವಿಷಯದಲ್ಲಿ ಸಂಪ್ರದಾಯದ ಪಕ್ಷದಲ್ಲೇ ನಿಲ್ಲುತ್ತಾರೆ. ನಮಗೆ ಬೇಕಾದ ಕ್ರಾಂತಿಕಾರಿ ಅಲ್ಲಿ ಸಿಗುವುದಿಲ್ಲ. ಹಾಗಾಗಿ ಭಾಷಣದಲ್ಲಿ ಆ ಭಾಗವನ್ನು ಬಿಡುತ್ತೇವೆ.

ಇಲ್ಲಿ ನಾಗರತ್ನಮ್ಮನವರ ಪಾಠ ನೆನಪಾಗಬೇಕು. 1887ರ ಪಂಡಿತರು ಮುದ್ದುಪಳನಿಯ ಶೃಂಗಾರಕ್ಕೆ ನಾಚಿ ಅದನ್ನು ಕತ್ತರಿಸಿದರು. ನಾವು ತಿರುಮಲಾಂಬ ಅವರ ಸಂಪ್ರದಾಯಕ್ಕೆ ನಾಚಿ ಅದನ್ನು ಕತ್ತರಿಸುತ್ತಿದ್ದೇವೆ. ನಾಚಿಕೆಯ ವಿಷಯ ಬದಲಾಗಿದೆ, ಕತ್ತರಿ ಬದಲಾಗಿಲ್ಲ. ಲೇಖಕಿ ತನ್ನ ಕಾಲಕ್ಕೆ ತಕ್ಕ 'ಒಳ್ಳೆಯ ಹೆಂಗಸು' ಆಗಿರಬೇಕೆಂದು ಅವರು ಬಯಸಿದರು, ನಮ್ಮ ಕಾಲಕ್ಕೆ ತಕ್ಕ ಒಳ್ಳೆಯ ಹೆಂಗಸಾಗಿರಬೇಕೆಂದು ನಾವು ಬಯಸುತ್ತೇವೆ.

ಕತ್ತರಿಸದೆ ಓದಿದರೆ ಬೇರೆ ಪ್ರಶ್ನೆಗಳು ಏಳುತ್ತವೆ. 1913ರಲ್ಲಿ ವಿಧವೆಯೊಬ್ಬಳು ಪುಸ್ತಕ ಅಚ್ಚುಹಾಕಿಸಿ ಮನೆಮನೆಗೆ ಕಳಿಸಬೇಕಾದರೆ ಆ ಮನೆಯ ಬಾಗಿಲು ತೆರೆಯುವವರು ಯಾರು? ಓದುವ ಸೊಸೆಯೇ, ಕೊಳ್ಳುವ ಮಾವನೇ? 'ಸತೀ ಹಿತೈಷಿಣೀ' ಎಂಬ ಹೆಸರು ಮಾವನ ಅನುಮತಿ ಪಡೆದು ಸೊಸೆಯ ಕೈ ಸೇರುವ ಉಪಾಯವೂ ಆಗಿರಬಹುದು. ಗುಳಿಗೆಯ ಮೇಲಿನ ಸಕ್ಕರೆಯ ಲೇಪದಂತೆ. ಈ ವಿವರಣೆ ಮೊದಲಿಗೆ ನನಗೆ ಬಹಳ ಹಿಡಿಸಿತು. ಆದರೆ ಮತ್ತೆ ಯೋಚಿಸಿದಾಗ ಇದೂ ಒಂದು ಬಗೆಯ ಕತ್ತರಿಯೇ ಅನ್ನಿಸಿತು. "ಪಾಪ, ಅವರು ನಿಜವಾಗಿ ಹಾಗೆ ನಂಬಿರಲಿಲ್ಲ, ಕಾಲಕ್ಕೆ ಹೆದರಿ ಬರೆದರು" ಎಂದು ಅವರ ಪರವಾಗಿ ನಾವೇ ಹೇಳಿಕೆ ಕೊಟ್ಟಂತಾಗುತ್ತದೆ. ಅವರು ಬರೆದುದನ್ನು ಅವರು ನಂಬಿರಲೂಬಹುದು. ತನ್ನ ಕೈಯಿಂದ ಜಾರಿಹೋದ ಸಂಸಾರವನ್ನು ಅಷ್ಟು ಎತ್ತರದಲ್ಲಿಟ್ಟು ಬರೆದ ಇಪ್ಪತ್ತಾರರ ಹೆಣ್ಣಿನ ಮನಸ್ಸು ನಮ್ಮ ಪ್ರಮಾಣಪತ್ರಕ್ಕೆ ಕಾದು ಕುಳಿತಿಲ್ಲ. ಪಾತಿವ್ರತ್ಯವನ್ನು ಹಾಡಿದ ಕೈಯೇ ಪತ್ರಿಕೆಯ ಲೆಕ್ಕಪತ್ರ ಬರೆಯಿತು, ಸಂಪಾದಕೀಯ ಬರೆಯಿತು. ಈ ಎರಡೂ ಒಟ್ಟಿಗೆ ಇದ್ದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರೆ ನಮಗೆ ತಿರುಮಲಾಂಬ ಸಿಗುವುದಿಲ್ಲ.

ಹೆಸರಿನ ಗೊಂದಲ

ಮರೆವಿಗೆ ಇನ್ನೊಂದು ಸರಳ ಕಾರಣವಿದೆ. ನನ್ನ ವೃತ್ತಿಯಲ್ಲಿ ಅದನ್ನು ಪದೇಪದೇ ಕಂಡಿದ್ದೇನೆ. ಮದುವೆಯಾಗಿ ಹೆಸರು ಬದಲಾದ ಹೆಂಗಸಿನ ಹಳೆಯ ಕಡತ ಸಿಗುವುದಿಲ್ಲ. ಅಲರ್ಜಿಯ ವಿವರ ಒಂದು ಹೆಸರಿನಲ್ಲಿ, ಹೆರಿಗೆಯ ವಿವರ ಇನ್ನೊಂದು ಹೆಸರಿನಲ್ಲಿ.

1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೊಡಗಿನ ಗೌರಮ್ಮನವರು ಕತೆಗಳಿಗೆ ಹಾಕುತ್ತಿದ್ದ ಹೆಸರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಅಷ್ಟೂ ಗಂಡನ ಹೆಸರು. ಬರೆದಾಕೆಯ ಪಾಲಿಗೆ ಅದರಲ್ಲಿ ಉಳಿದದ್ದು 'ಮಿಸೆಸ್' ಒಂದೇ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತು ಅವರನ್ನು ಕರೆಸಿಕೊಂಡು, ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ದಿಟ್ಟೆ. 1939ರ ಏಪ್ರಿಲ್‌ನಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಕತೆಗಳು 'ಕಂಬನಿ', 'ಚಿಗುರು' ಎಂಬ ಎರಡು ಸಂಕಲನಗಳಲ್ಲಿವೆ.

'ವಾಣಿಯ ಸಮಸ್ಯೆ' ಎಂಬ ಅವರ ಕತೆಯನ್ನು ವೈದ್ಯರಾದವರೆಲ್ಲ ಓದಬೇಕು. ಪಕ್ಕದ ಮನೆಗೆ ಬಂದ ಡಾಕ್ಟರ್ ರತ್ನ, ಅವನ ಹೆಂಡತಿ ವಾಣಿ, ಮತ್ತು ನೆರೆಮನೆಯ ಎಳೆಯ ವಿಧವೆ ಇಂದು. ಕೊನೆಯನ್ನು ನಾನು ಹೇಳುವುದಿಲ್ಲ. ಶೀರ್ಷಿಕೆಯನ್ನು ಮಾತ್ರ ಗಮನಿಸಿ. ಕತೆಯ ನೋವೆಲ್ಲ ಇಂದುವಿನದು, ಆದರೆ ಸಮಸ್ಯೆ ವಾಣಿಯದಂತೆ! ವಿಧವೆಯ ಮನಸ್ಸನ್ನು ಹೆಸರಿಟ್ಟು ಕರೆಯಲಾಗದ ಕಾಲದಲ್ಲಿ ಗೌರಮ್ಮ ಶೀರ್ಷಿಕೆಯನ್ನು ಪಕ್ಕದ ಮನೆಗೆ ಸರಿಸಿ, ಹೇಳಬೇಕಾದುದನ್ನು ಹೇಳಿದ್ದಾರೆ. ತಿರುಮಲಾಂಬ ಬರೆಯಲೊಪ್ಪದ ಪುಟವನ್ನು ಇಪ್ಪತ್ತು ವರ್ಷಗಳ ನಂತರ ಇನ್ನೊಬ್ಬಾಕೆ ಬರೆದರು. ಇಬ್ಬರನ್ನೂ ಪೂರ್ತಿಯಾಗಿ ಓದಿದವರಿಗೆ ಮಾತ್ರ ಆ ನಡುವಿನ ದಾರಿ ಕಾಣುತ್ತದೆ.

ನಮ್ಮ ಮಕ್ಕಳಿಗೆ ಒಂದು ಮಾತು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಆ ಕತೆಗಳನ್ನು ಅನುವಾದಿಸಿದ ದೀಪಾ ಭಾಸ್ತಿಯವರೇ ಗೌರಮ್ಮನವರ ಕತೆಗಳನ್ನೂ ಇಂಗ್ಲಿಷಿಗೆ ತಂದಿದ್ದಾರೆ. ಕನ್ನಡ ಓದಲು ಕಷ್ಟವಾಗುವ ಮಕ್ಕಳು ಅಲ್ಲಿಂದಲೇ ಶುರುಮಾಡಬಹುದು.

ಇದು ನಮ್ಮ ನಾಡಿನ ದೋಷವೆಂದು ಯಾರೂ ಭಾವಿಸಬೇಡಿ. ಈ ದೇಶದಲ್ಲಿ 1973ರಲ್ಲಿ ಆರಂಭವಾದ ವಿರಾಗೊ ಪ್ರಕಾಶನ ಮರೆತ ಲೇಖಕಿಯರ ಮಾಲೆಯನ್ನು ಶುರುಮಾಡಿದ್ದು 1978ರಲ್ಲಿ. ಮೊದಲ ಪುಸ್ತಕ ಆಂಟೋನಿಯಾ ವೈಟ್ ಅವರ 1933ರ ಕಾದಂಬರಿ 'ಫ್ರಾಸ್ಟ್ ಇನ್ ಮೇ'. ಆಗ ಲೇಖಕಿಗೆ ಎಪ್ಪತ್ತೊಂಬತ್ತು. ಮುಂದೆರಡು ವರ್ಷಕ್ಕೆ ತೀರಿಕೊಂಡರು. ಆ ಹಸಿರು ಬೆನ್ನಿನ ಪುಸ್ತಕಗಳನ್ನು ನಮ್ಮೂರಿನ ಗ್ರಂಥಾಲಯದಲ್ಲಿ ಎಷ್ಟೋ ವರ್ಷ ನೋಡಿದ್ದೆ. ಹಾರ ಹಾಕುವ ಬದಲು ಪುಸ್ತಕವನ್ನೇ ಮತ್ತೆ ಅಚ್ಚುಹಾಕಿ ಎಲ್ಲರ ಕೈಗೆಟುಕುವಂತೆ ಮಾಡಿದರು. ವ್ಯತ್ಯಾಸ ಇರುವುದು ಅಲ್ಲಿ.

ನನ್ನ ಕತ್ತರಿ

ಇಲ್ಲಿಗೆ ಮುಗಿಸಿದ್ದರೆ ಲೇಖನ ಸುಖಾಂತವಾಗುತ್ತಿತ್ತು. ಆದರೆ ಪೂರ್ತಿ ಹೇಳಬೇಕು ಎಂದು ಇಷ್ಟು ಹೊತ್ತು ಉಪದೇಶ ಮಾಡಿದವನು ತನ್ನದನ್ನೂ ಹೇಳಬೇಕಲ್ಲ.

ನನ್ನ ಅಮ್ಮ ಎಂಟನೆಯ ತರಗತಿಯವರೆಗೆ ಓದಿದ್ದರು. ಬೇಸಿಗೆಗೆ ಇಲ್ಲಿಗೆ ಬಂದಾಗಲೆಲ್ಲ ನಾನೂ ಹೆಂಡತಿಯೂ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಬಳಿ ಕುಳಿತು ಲೆಕ್ಕದ ಪುಸ್ತಕವೊಂದರಲ್ಲಿ ಏನೋ ಬರೆಯುತ್ತಿದ್ದರು. ಹಾಡು, ಹಸೆ, ಅಡುಗೆ ಇರಬೇಕೆಂದುಕೊಂಡಿದ್ದೆ. ಅವರು ಹೋದ ಮೇಲೆ ವರ್ಷಾಬ್ದಿಕಕ್ಕೆ ಒಂದು ಸ್ಮರಣೆಯ ಪುಸ್ತಿಕೆ ಮಾಡಿಸಿ ಬಂಧುಗಳಿಗೆ ಹಂಚೋಣ ಎಂದು ಆ ಪುಸ್ತಕ ತೆರೆದೆ.

ಹಾಡು, ಹಸೆ, ಅಡುಗೆ ಇದ್ದವು. ನಡುನಡುವೆ ಬೇರೆ ಪುಟಗಳೂ ಇದ್ದವು. ಶಾಲೆ ಬಿಡಿಸಿದ ದಿನ ಸ್ಲೇಟನ್ನು ಬಾವಿಗೆ ಎಸೆದದ್ದು. ಅಪ್ಪನ ಬಗ್ಗೆ, ಅಪ್ಪನ ಮೌನದ ಬಗ್ಗೆ, ನಾನು ಎಂದೂ ಕೇಳಿರದ ಮಾತುಗಳು. ನನ್ನ ಬಗ್ಗೆಯೂ ಎರಡು ಪುಟ: ಊರ ರೋಗಿಗಳ ಮಾತನ್ನೆಲ್ಲ ಕೇಳಿ ಬರುವ ಮಗನಿಗೆ ಸಂಜೆ ಮನೆಯಲ್ಲಿ ಕೇಳುವ ಶಕ್ತಿ ಉಳಿದಿರುವುದಿಲ್ಲ ಎಂದು. ಬೈದು ಬರೆದಿರಲಿಲ್ಲ. ಹವಾಮಾನದ ವಿಷಯ ಬರೆದಷ್ಟು ತಣ್ಣಗೆ ಬರೆದಿದ್ದರು.

ಪುಸ್ತಿಕೆಯಲ್ಲಿ ಹಾಡು, ಹಸೆ, ಅಡುಗೆ ಮಾತ್ರ ಬಂದವು. ಮುಖಪುಟದಲ್ಲಿ ಹಾರ ಹಾಕಿದ ಫೋಟೊ. ಎಲ್ಲರೂ ಹೊಗಳಿದರು. ಅಮ್ಮನ ಹೆಸರು ಕೆಡಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕೆಡಬಾರದೆಂದು ನಾನು ಅಂಜಿದ್ದು ಯಾರ ಹೆಸರು ಎಂದು ನಾಗರತ್ನಮ್ಮನವರ ಬಗ್ಗೆ ಓದುವಾಗ ತಿಳಿಯಿತು.

ನನ್ನ ಅಮ್ಮ ಸಾಹಿತಿಯಲ್ಲ. ಮುದ್ದುಪಳನಿ, ತಿರುಮಲಾಂಬ, ಗೌರಮ್ಮ ಇವರ ಸಾಲಿನಲ್ಲಿ ಅವರನ್ನು ಕೂರಿಸುವ ಹುಚ್ಚು ನನಗಿಲ್ಲ. ಆದರೆ ಕತ್ತರಿ ಎಲ್ಲಿಂದ ಬರುತ್ತದೆ ಎಂದು ಈಗ ನನಗೆ ಗೊತ್ತು. ಅದು ದುಷ್ಟರ ಕೈಯಿಂದಲೇ ಬರಬೇಕಾಗಿಲ್ಲ. ಪ್ರೀತಿಯಿಂದ, ಮರ್ಯಾದೆಯ ಕಾಳಜಿಯಿಂದ, ಅಚ್ಚಿಗೆ ಕೊಡುವ ಹಿಂದಿನ ರಾತ್ರಿಯ ಆತುರದಿಂದ ಬರುತ್ತದೆ.

ಸಂಘದ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ತಲೆಮಾರಿನವರು ಈಗ ಊರಿನ ಮನೆಗಳನ್ನು ಮಾರಿ ಖಾಲಿಮಾಡುತ್ತಿದ್ದೇವೆ. ಅಟ್ಟದ ಟ್ರಂಕುಗಳು ರದ್ದಿಗೆ ಹೋಗುತ್ತಿವೆ. ಹಾಕುವ ಮೊದಲು ತೆರೆದು ನೋಡಿ. ಹಳೆಯ ಪತ್ರಿಕೆ, ರಟ್ಟು ಹರಿದ ಕಾದಂಬರಿ, ಅಮ್ಮನ, ಅತ್ತೆಯ, ಅಜ್ಜಿಯ ನೋಟುಪುಸ್ತಕ ಸಿಕ್ಕರೆ ಫೋನಿನಲ್ಲೇ ಪುಟಪುಟವಾಗಿ ಚಿತ್ರ ತೆಗೆಯಿರಿ. ಯಾವ ಪುಟ ಮುಖ್ಯ ಎಂದು ಆಗಲೇ ತೀರ್ಮಾನಿಸಬೇಡಿ, ಎಲ್ಲವನ್ನೂ ತೆಗೆಯಿರಿ. ಬರೆದವರ ಹೆಸರನ್ನು, ಗಂಡನ ಹೆಸರನ್ನಲ್ಲ, ಮೊದಲ ಪುಟದಲ್ಲಿ ಬರೆದಿಡಿ.

ನಾನು ಲೆಕ್ಕದ ಪುಸ್ತಕದ ಎಲ್ಲ ಪುಟಗಳ ಪ್ರತಿಯನ್ನು ತಂಗಿಗೂ ತಮ್ಮನಿಗೂ ಕಳಿಸಿದ್ದೇನೆ, ಆ ಎರಡು ಪುಟಗಳನ್ನೂ ಸೇರಿಸಿ. ತಂಗಿ ಮೂರು ದಿನ ಬಿಟ್ಟು ಫೋನ್ ಮಾಡಿದಳು. "ಸ್ಲೇಟಿನ ವಿಷಯ ನನಗೆ ಹೇಳಿದ್ದಳು" ಎಂದಳು. ಆಮೇಲೆ ಬಹಳ ಹೊತ್ತು ಮಾತಾಡಿದೆವು. ನಾನು ಹೆಚ್ಚು ಕೇಳಿಸಿಕೊಂಡೆ.